ಕೊನ್ವೆಂತುಸ್: ಒಂದು ಪದದ ಸಂಗತಿ

‘ಕಾನ್ವೆಂಟ್’ ಎಂಬ ಮಾತನ್ನು ಅರಿಯದ ಹಳ್ಳಿ ಈಗ ಕನ್ನಡನಾಡಿನಲ್ಲಿ ಇರಲಾರದು. ಮಗುವನ್ನು ಕಾನ್ವೆಂಟಿಗೆ ಹಾಕಿದ್ದಾರೆ ಎಂದರೆ ಇಂಗ್ಲಿಷ್ ಮಾಧ್ಯಮದ, ಶುಲ್ಕ ಕೊಡಬೇಕಾದ, ಸಮವಸ್ತ್ರ ಟೈಗಳುಳ್ಳ ಶಾಲೆಗೆ ಸೇರಿಸಿದ್ದಾರೆ ಎಂದೇ ಜನ ತಿಳಿಯುತ್ತಾರೆ. ಆ ಶಾಲೆಯನ್ನು ನಡೆಸುವವರು ಕ್ರೈಸ್ತರಾಗಿರಬೇಕೆಂಬ ನಿಯಮವೇನೂ ಇಲ್ಲ. ಊರದೇವರ ಹೆಸರಿನ ಮುಂದೆಯೇ ‘ಕಾನ್ವೆಂಟ್’ ಎಂದು ಬರೆಸಿದ ಫಲಕಗಳು ಎಷ್ಟೋ ಇವೆ. ಬಲ್ಲವರು ಇದನ್ನು ಕಂಡು ನಗುವುದುಂಟು. ಕಾನ್ವೆಂಟ್ ಎಂದರೆ ಕ್ರೈಸ್ತ ಸಂನ್ಯಾಸಿನಿಯರ ಮಠ, ಶಾಲೆಯೆಂಬುದು ಅಪಪ್ರಯೋಗ ಎಂಬುದು ಅವರ ವಾದ. ಇನ್ನೂ ಹೆಚ್ಚು ಬಲ್ಲವರು ಒಂದು ಹೆಜ್ಜೆ ಮುಂದೆ ಹೋಗಿ, ಸಂನ್ಯಾಸಿನಿಯರ ಮಠವೆಂಬುದೂ ನಿಜವಾದ ಅರ್ಥವಲ್ಲ, ಲ್ಯಾಟಿನ್ ಮೂಲದಲ್ಲಿ ಆ ಪದಕ್ಕೆ ಸಭೆಯೆಂದು ಅರ್ಥ, ಅದೇ ದಿಟವಾದ ಅರ್ಥ ಎನ್ನುತ್ತಾರೆ.

ಪದದ ಹುಟ್ಟನ್ನೇ ಅದರ ನಿಜಾರ್ಥವೆಂದು ಭಾವಿಸುವ ಈ ಪದ್ಧತಿ ಹಳೆಯದು, ಆಕರ್ಷಕವಾದದ್ದು, ಅಷ್ಟೇ ಅಪಾಯದ್ದು. ಲ್ಯಾಟಿನ್ನಿನ ‘ಕೊನ್ವೆಂತುಸ್’ ಪದದ ವಂಶಾವಳಿಯನ್ನು ತಾಳ್ಮೆಯಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಪದದ ರಚನೆಯಲ್ಲಿ ಕ್ಲಿಷ್ಟವಾದುದೇನೂ ಇಲ್ಲ. ‘ಕೊಂ’ ಎಂಬುದು ಒಟ್ಟಿಗೆ ಎಂಬರ್ಥದ ಉಪಸರ್ಗ, ‘ವೆನೀರೆ’ ಎಂದರೆ ಬರುವುದು. ಒಟ್ಟಿಗೆ ಬರುವುದೇ ‘ಕೊನ್ವೆನೀರೆ’. ಅದರಿಂದ ‘ಕೊನ್ವೆಂತುಸ್’ ಎಂದರೆ ಕೂಟ, ‘ಕೊನ್ವೆಂತುಂ’ ಎಂದರೆ ಕೂಡಿ ಒಪ್ಪಿದ್ದು, ‘ಕೊನ್ವೆಂತಿಯೊ’ ಎಂದರೆ ಕೂಡುವಿಕೆ ಹಾಗೂ ಒಪ್ಪಂದ; ಮೂರೂ ಒಂದೇ ಬಸಿರಿನ ಮಕ್ಕಳು. ಈ ‘ವೆನೀರೆ’ ಸಂಸ್ಕೃತದ ‘ಗಮ್’ ಧಾತುವಿನ ಒಡಹುಟ್ಟು. ಕೇಳಿದೊಡನೆ ನಂಬಲಾಗದ ಮಾತಿದು. ಗಕಾರಕ್ಕೂ ವಕಾರಕ್ಕೂ ಏನು ನಂಟು? ಮೂಲ ಇಂಡೋ-ಯುರೋಪಿಯನ್ ಭಾಷೆಯಲ್ಲಿ ಗಕಾರ ವಕಾರಗಳು ಬೆಸೆದುಕೊಂಡಂತಿದ್ದ ಧ್ವನಿಯೊಂದಿತ್ತು. ಸಂಸ್ಕೃತದಲ್ಲಿ ಅದು ಗಕಾರವೋ ಜಕಾರವೋ ಆಗಿ ನಿಂತಿತು, ಲ್ಯಾಟಿನ್ನಿನಲ್ಲಿ ಪದದ ಆದಿಯಲ್ಲಿ ವಕಾರವಾಯಿತು. ‘ಜೀವ’ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ‘ವೀವುಸ್’ ಎನ್ನುವುದು ಇದೇ ನಿಯಮದಿಂದ. ಇಂಗ್ಲಿಷಿನ ‘ಕಮ್’ ಕೂಡ ಅದೇ ಧಾತುವಿನದು. ಉಪಸರ್ಗಗಳು ಮಾತ್ರ ಬೇರೆ. ‘ಕೊಂ’ ಮತ್ತು ‘ಸಂ’ ಕಿವಿಗೆ ಹತ್ತಿರವೆನಿಸಿದರೂ ಅವು ಸಂಬಂಧಿಗಳಲ್ಲ, ಅರ್ಥವಷ್ಟೇ ಒಂದು.

ಹೀಗಿರುವುದರಿಂದ ಲ್ಯಾಟಿನ್ನಿನ ‘ಕೊನ್ವೆಂತಿಯೊ’ ಪದಕ್ಕೆ ಸಂಸ್ಕೃತದಲ್ಲಿ ಅಚ್ಚಿನಲ್ಲಿ ಎರೆದಂತಹ ಜೋಡಿಯೆಂದರೆ ‘ಸಂಗತಿ’. ಸಂಸ್ಕೃತದಲ್ಲಿ ಅದಕ್ಕೆ ಕೂಡುವಿಕೆ, ಸಹವಾಸ, ಹೊಂದಿಕೆ ಎಂಬ ಅರ್ಥಗಳಿದ್ದರೆ ಕನ್ನಡದಲ್ಲಿ ಅದು ವಿಷಯ, ಸುದ್ದಿ ಎಂದಾಯಿತು. ‘ಏನು ಸಂಗತಿ?’ ಎಂದು ಕೇಳುವವನು ಯಾವ ಸಭೆಯನ್ನೂ ಕುರಿತು ಕೇಳುತ್ತಿಲ್ಲ. ಹೊಂದುವ ಮಾತನ್ನು ‘ಸಂಗತ’ವೆಂದೂ ಹೊಂದದ್ದನ್ನು ‘ಅಸಂಗತ’ವೆಂದೂ ಹೇಳುವಂತೆ ‘ಕೊನ್ವೆನೀರೆ’ಯಿಂದ ಬಂದ ‘ಕನ್ವೀನಿಯೆಂಟ್’ ಮೊದಲು ಹೊಂದಿಕೆಯಾದುದನ್ನು, ಅನಂತರವೇ ಅನುಕೂಲವಾದುದನ್ನು ಹೇಳಿತು. ಸಾವಿರಾರು ಮೈಲಿಗಳಾಚೆ, ಒಂದನ್ನೊಂದು ಅರಿಯದ ಎರಡು ಪದಗಳು ಒಂದೇ ದಾರಿಯಲ್ಲಿ ನಡೆದಿವೆ.

ಸಭೆಗೆ ಲ್ಯಾಟಿನ್ನಿನಲ್ಲಿ ಪದಗಳ ಬಡತನವಿರಲಿಲ್ಲ. ಮತ ಹಾಕಲು ಸೇರುವ ಜನಸಭೆ ‘ಕೊಮಿತಿಯ’. ಒಟ್ಟಿಗೆ ಹೋಗುವುದು ಎಂಬ ಅರ್ಥದಿಂದ ಬಂದ ಇದು ವೈದಿಕ ‘ಸಮಿತಿ’ಯ ಸರಿಜೋಡಿ. ‘ಕೊಂಕಿಲಿಯುಂ’ ಎಂಬ ಇನ್ನೊಂದು ಪದ ಕೂಗಿ ಕರೆಯುವ ಅರ್ಥದ ‘ಕಲಾರೆ’ ಧಾತುವಿನದು. ಇಂಗ್ಲಿಷಿನ ‘ಕೌನ್ಸಿಲ್’ ಅದರ ಮೊಮ್ಮಗು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಕೊಂಕಿಲಿಯುಂ’ ಎಂಬಲ್ಲಿ ಕರೆಯುವವನೊಬ್ಬನಿದ್ದಾನೆ, ಉಳಿದವರು ಕರೆಸಿಕೊಂಡವರು. ‘ಕೊನ್ವೆಂತುಸ್’ ಎಂಬಲ್ಲಿ ಬರುವವರು ಮಾತ್ರ ಇದ್ದಾರೆ. ಕರೆದವರು ಯಾರೆಂಬುದನ್ನು ಪದ ಹೇಳುವುದಿಲ್ಲ. ಆ ತೆರವಾದ ಜಾಗವನ್ನು ಯಾರು ತುಂಬಿದರು ಎಂಬುದರ ಮೇಲೆಯೇ ಈ ಪದದ ಎರಡು ಸಾವಿರ ವರ್ಷಗಳ ಬಾಳು ನಿಂತಿದೆ.

ಪದದ ಅರ್ಥವನ್ನು ಪಟ್ಟಿ ಮಾಡಿದ ಪ್ರಾಚೀನರಲ್ಲಿ ಫೆಸ್ತುಸ್ ಮುಖ್ಯನು. ಕ್ರಿ.ಶ. 2ನೆಯ ಶತಮಾನದ ಈತ ಅಗಸ್ಟಸನ ಕಾಲದ ವೆರಿಯುಸ್ ಫ್ಲಾಕ್ಕುಸನ ಕೋಶವನ್ನು ಸಂಗ್ರಹಿಸಿದನು. ಅದನ್ನು 8ನೆಯ ಶತಮಾನದಲ್ಲಿ ಪೌಲುಸ್ ಎಂಬ ಪಾದ್ರಿ ಮತ್ತೊಮ್ಮೆ ಸಂಗ್ರಹಿಸಿದನು. ‘ಕೊನ್ವೆಂತುಸ್’ ನಾಲ್ಕು ಬಗೆಯೆಂದು ಅಲ್ಲಿದೆ. ಒಬ್ಬನು ಇನ್ನೊಬ್ಬನನ್ನು ಕಂಡು ಮಾತನಾಡಿಸುವುದು ಮೊದಲನೆಯದು. ನಾನಾ ಬಗೆಯ ಜನ ಒಂದೆಡೆ ನೆರೆಯುವುದು ಎರಡನೆಯದು. ನ್ಯಾಯ ವಿಚಾರಣೆಗಾಗಿ ಅಧಿಕಾರಿಗಳು ಜನರನ್ನು ಸೇರಿಸುವುದು ಮೂರನೆಯದು. ದೇವರಲ್ಲಿ ಮೊರೆಯಿಡಲೋ ಹರಕೆ ಸಲ್ಲಿಸಲೋ ಜನ ಕೂಡುವುದು ನಾಲ್ಕನೆಯದು. ಪಟ್ಟಿ ಅಚ್ಚುಕಟ್ಟಾಗಿದೆ, ಆದರೆ ಕೋಶಕಾರನಿಗೆ ಈ ನಾಲ್ಕೂ ಅಕ್ಕಪಕ್ಕದಲ್ಲಿ ಶಾಂತವಾಗಿ ಕುಳಿತಂತೆ ಕಾಣುತ್ತವೆ. ರೋಮಿನ ಚರಿತ್ರೆಯಲ್ಲಿ ಅವು ಹಾಗೆ ಕುಳಿತಿರಲಿಲ್ಲ; ನಾಲ್ಕನೆಯದನ್ನು ಮೂರನೆಯದು ಹಿಡಿದು ಶಿಕ್ಷಿಸಿದ್ದುಂಟು.

ಇದಕ್ಕೆ ಸಾಕ್ಷಿ ಕ್ರಿ.ಪೂ. 186ರ ಒಂದು ಕಂಚಿನ ಶಾಸನ. ಬಾಕ್ಕುಸ್ ದೇವತೆಯ ಆರಾಧಕರು ಇರುಳಿನಲ್ಲಿ ಗುಟ್ಟಾಗಿ ಸೇರುತ್ತಿದ್ದರು. ಹೆಂಗಸರು, ಗಂಡಸರು, ಮೇಲಿನವರು, ಕೆಳಗಿನವರು ಎಂಬ ಭೇದ ಅಲ್ಲಿರಲಿಲ್ಲ. ಅದರಲ್ಲಿ ತೊಡಗಿದವರು 7000ಕ್ಕೂ ಹೆಚ್ಚೆಂದು ಹೇಳಲಾಗಿತ್ತೆಂಬುದನ್ನು ಇತಿಹಾಸಕಾರ ಲಿವಿ ಬರೆದಿದ್ದಾನೆ. ಸೆನೆಟ್ ಬೆದರಿತು. ಅದು ಹೊರಡಿಸಿದ ಆಜ್ಞೆಯ ಪ್ರತಿಯೊಂದು ಇಟಲಿಯ ದಕ್ಷಿಣದ ತಿರಿಯೋಲೊ ಎಂಬಲ್ಲಿ 1640ರಲ್ಲಿ ದೊರೆತು ಈಗ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಐವರಿಗಿಂತ ಹೆಚ್ಚು ಜನ, ಅಂದರೆ ಇಬ್ಬರು ಗಂಡಸರು ಮೂವರು ಹೆಂಗಸರಿಗಿಂತ ಹೆಚ್ಚಾಗಿ, ಆ ಪೂಜೆಗೆ ಒಟ್ಟುಗೂಡಬಾರದು; ಕೂಡಲೇಬೇಕಾದರೆ ನ್ಯಾಯಾಧಿಕಾರಿಯ ಮೂಲಕ ಸೆನೆಟ್ಟಿನ ಅನುಮತಿ ಬೇಕು, ಆ ಅನುಮತಿ ಕೊಡುವಾಗ ಕನಿಷ್ಠ 100 ಮಂದಿ ಸದಸ್ಯರು ಹಾಜರಿರಬೇಕು; ಮೀರಿದವರಿಗೆ ಮರಣದಂಡನೆ.

ಈ ಆಜ್ಞೆಯನ್ನು ಜನರಿಗೆ ತಿಳಿಸುವ ಬಗೆಯನ್ನೂ ಅದೇ ಶಾಸನ ಹೇಳುತ್ತದೆ. ಮೂರು ಸಂತೆಗಳ ಅವಧಿಗೆ ಕಡಿಮೆಯಾಗದಂತೆ ಇದನ್ನು ಸಭೆಯಲ್ಲಿ ಸಾರಬೇಕು. ಆ ‘ಸಭೆಯಲ್ಲಿ’ ಎಂಬುದಕ್ಕೆ ಶಾಸನ ಬಳಸಿರುವುದು ನಮ್ಮ ಪದದ ಬಳಗದ್ದೇ ಆದ ‘ಕೊವೆಂತಿಯೊ’ ಎಂಬ ಹಳೆಯ ರೂಪವನ್ನು. ಇದೇ ಸವೆದು ‘ಕೊಂತಿಯೊ’ ಆಗಿ, ಅಧಿಕಾರಿಯ ಭಾಷಣ ಕೇಳಲು ಸೇರಿದ ಜನಸಭೆಗೆ ಹೆಸರಾಯಿತು. ಕೂಡಬಾರದು ಎಂಬ ಆಜ್ಞೆಯನ್ನು ಕೇಳಲು ಜನ ಕೂಡಬೇಕಾಯಿತು! ಕೂಟಗಳಲ್ಲಿ ಎರಡು ಬಗೆಯುಂಟೆಂದೂ ಅವುಗಳಲ್ಲಿ ಒಂದು ಮಾತ್ರ ರಾಜ್ಯಕ್ಕೆ ಒಪ್ಪಿಗೆಯೆಂದೂ ಫೆಸ್ತುಸನ ಪಟ್ಟಿಯಿಂದ ತಿಳಿಯುವುದಿಲ್ಲ, ಕಂಚಿನ ಹಲಗೆಯಿಂದ ತಿಳಿಯುತ್ತದೆ.

ಮುಂದೆ ಸಾಮ್ರಾಜ್ಯ ಬೆಳೆದಂತೆ ಪದವನ್ನು ಅಧಿಕಾರ ತನ್ನದಾಗಿಸಿಕೊಂಡಿತು. ಕ್ರಿ.ಪೂ. 58ರಲ್ಲಿ ಗಾಲ್ ದೇಶದ ಯುದ್ಧಕಾಲ ಮುಗಿದ ಮೇಲೆ ಸೀಸರನು ಸೈನ್ಯವನ್ನು ಚಳಿಗಾಲದ ಬೀಡಿಗೆ ಕಳುಹಿಸಿ, ತಾನು ಆಲ್ಪ್ಸ್‌ನ ಈಚೆಗೆ ‘ಕೊನ್ವೆಂತುಸ್’ ನಡೆಸಲು ಹೊರಟನು. ಎಂದರೆ ಊರೂರಿನಲ್ಲಿ ನ್ಯಾಯಪೀಠ ಹೂಡಲು. ಪ್ರಾಂತಗಳಲ್ಲಿ ನೆಲೆಸಿದ ರೋಮನ್ ನಾಗರಿಕರ ಸಂಘಕ್ಕೂ ಅದೇ ಹೆಸರಿತ್ತು. ಕ್ರಿ.ಪೂ. 70ರಲ್ಲಿ ಸಿಸಿಲಿಯ ಅಧಿಕಾರಿ ವೆರ್ರೆಸನ ಮೇಲೆ ದೋಷಾರೋಪ ಹೊರಿಸಿದ ಸಿಸೆರೊ, ಈತ ನ್ಯಾಯ ತೀರ್ಮಾನಕ್ಕೆ ಆ ಸಂಘದವರನ್ನು ಆರಿಸದೆ ತನ್ನ ಪರಿವಾರದವರನ್ನೇ ಕೂರಿಸಿದನೆಂದು ಆಕ್ಷೇಪಿಸುತ್ತಾನೆ. ಈ ಐದನೆಯ ಅರ್ಥ ಫೆಸ್ತುಸನ ಪಟ್ಟಿಯಲ್ಲಿಲ್ಲ. ರೋಮಿನಲ್ಲಿ ಕುಳಿತ ಕೋಶಕಾರರಿಗೆ ಪ್ರಾಂತದ ಪ್ರಯೋಗಗಳು ಅಷ್ಟಾಗಿ ಕಾಣದಿದ್ದುದೇನೂ ಅಚ್ಚರಿಯಲ್ಲ. ಎಲ್ಲ ರಾಜಧಾನಿಗಳ ಕೋಶಕಾರರಿಗೂ ಇರುವ ದೋಷವಿದು. ಹಿರಿಯ ಪ್ಲಿನಿಯ ಕಾಲಕ್ಕೆ, ಎಂದರೆ ಕ್ರಿ.ಶ. 1ನೆಯ ಶತಮಾನದಲ್ಲಿ, ‘ಕೊನ್ವೆಂತುಸ್’ ಭೂಪಟದ ಒಂದು ಗೆರೆಯಾಗಿಬಿಟ್ಟಿದೆ. ಸ್ಪೇನು ಪೋರ್ಚುಗಲ್ಲುಗಳ ಮೂರು ಪ್ರಾಂತಗಳಲ್ಲಿ ಏಳು, ನಾಲ್ಕು, ಮೂರು, ಹೀಗೆ ಒಟ್ಟು 14 ‘ಕೊನ್ವೆಂತುಸ್’ಗಳನ್ನು ಆತ ಎಣಿಸುತ್ತಾನೆ. ಇಲ್ಲಿ ಪದಕ್ಕೆ ಕೂಟವೆಂಬ ಅರ್ಥವೇ ಇಲ್ಲ, ಅದೊಂದು ಸೀಮೆ. ಜನ ಬಂದು ಸೇರುತ್ತಿದ್ದುದಕ್ಕೆ ಇದ್ದ ಹೆಸರು ಜನ ಯಾವ ನ್ಯಾಯಸ್ಥಾನಕ್ಕೆ ಹೋಗಬೇಕೆಂಬುದರ ಎಲ್ಲೆಗಟ್ಟಾಯಿತು.

ಕ್ರಿಯೆಯ ಹೆಸರು ಸ್ಥಳದ ಹೆಸರಾಗುವುದು ಕನ್ನಡಿಗರಿಗೆ ಹೊಸದಲ್ಲ. ಕೃಷ್ಣಾ ಮಲಪ್ರಭೆಗಳು ಕೂಡುವೆಡೆಗೆ ಕನ್ನಡದ ‘ಕೂಡಲು’, ಸಂಸ್ಕೃತದ ‘ಸಂಗಮ’ ಎರಡೂ ಸೇರಿ ಹೆಸರಾಗಿರುವುದನ್ನು ವಚನಗಳ ಓದುಗರು ಬಲ್ಲರು. ‘ಗೋಷ್ಠಿ’ಯದು ಇದಕ್ಕೆ ತಿರುಗುಮುರುಗು: ಗೋವುಗಳು ನಿಲ್ಲುವ ‘ಗೋಷ್ಠ’ದಿಂದ ಹೊರಟು ಜನ ಕುಳಿತಾಡುವ ಮಾತುಕತೆಯಾಯಿತು. ಕೊಟ್ಟಿಗೆಯಿಂದ ಅನುಭಾವದವರೆಗೆ ನಡೆದ ಆ ಪದದ ಮೂಲವನ್ನು ಹಿಡಿದು, ಗೋಷ್ಠಿಯ ನಿಜಾರ್ಥ ದನದ ಕೊಟ್ಟಿಗೆ ಎಂದು ವಾದಿಸುವವರು ಯಾರೂ ಇಲ್ಲ. ಅದೇ ನ್ಯಾಯ ಕಾನ್ವೆಂಟಿಗೂ ಸಲ್ಲಬೇಡವೇ?

ಕ್ರೈಸ್ತ ವಿರಕ್ತರು ಈ ಪದವನ್ನು ಕೈಗೆತ್ತಿಕೊಂಡಾಗ ಅದಕ್ಕೆ ಮೊದಲಿನ ಉಸಿರು ಮರಳಿತೆನ್ನಬೇಕು. 6ನೆಯ ಶತಮಾನದ ಬೆನೆಡಿಕ್ಟನ ನಿಯಮಗ್ರಂಥದ 20ನೆಯ ಅಧ್ಯಾಯ ಪ್ರಾರ್ಥನೆಯನ್ನು ಕುರಿತದ್ದು. ಒಬ್ಬನೇ ಪ್ರಾರ್ಥಿಸುವವನು ಅಂತಃಪ್ರೇರಣೆಯಾದರೆ ದೀರ್ಘವಾಗಿ ಪ್ರಾರ್ಥಿಸಬಹುದು. ‘ಕೊನ್ವೆಂತುಸ್’ನಲ್ಲಿ ಮಾತ್ರ ಪ್ರಾರ್ಥನೆ ಚಿಕ್ಕದಾಗಿರಬೇಕು, ಹಿರಿಯನು ಸನ್ನೆ ಮಾಡಿದೊಡನೆ ಎಲ್ಲರೂ ಒಟ್ಟಿಗೆ ಏಳಬೇಕು. ಇಲ್ಲಿ ಪದ ಕಟ್ಟಡವನ್ನು ಹೇಳುವುದಿಲ್ಲ. ಕೂಡಿ ಕುಳಿತ ಹೊತ್ತನ್ನು ಹೇಳುತ್ತದೆ. ಪಕ್ಕದವನ ಮೊಣಕಾಲು ನೋಯುವುದನ್ನು ಬಲ್ಲವನ ಮಾತಿದು.

ಕ್ರೈಸ್ತ ಮಠಕ್ಕೆ ಅದಾಗಲೇ ಇದ್ದ ಹೆಸರು ‘ಮೊನಾಸ್ತೇರಿಯುಂ’. ಅದು ಒಂಟಿ ಎಂಬ ಅರ್ಥದ ಗ್ರೀಕ್ ‘ಮೊನೊಸ್’ನಿಂದ ಬಂದುದು. ಒಂದೇ ಮನೆಗೆ ಒಂದು ಹೆಸರು ಏಕಾಂತವನ್ನು ಹೇಳಿದರೆ ಇನ್ನೊಂದು ಕೂಟವನ್ನು ಹೇಳುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು ಮೊನಾಸ್ಟರಿಯನ್ನೂ ಕಾನ್ವೆಂಟನ್ನೂ ಮಠವೆಂದೇ ಅನುವಾದಿಸಿ, ಎರಡನೆಯದರ ಹಿಂದೆ ‘ಸಂನ್ಯಾಸಿನಿಯರ’ ಎಂದು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಭೇದ ಹೆಣ್ಣು ಗಂಡಿನದಲ್ಲ. ಇಟಲಿಯಲ್ಲಿ ‘ಕೊನ್ವೆಂತೊ’ ಗಂಡಸರದೂ ಹೌದು. ಲಿಯೊನಾರ್ಡೊ ಕ್ರಿಸ್ತನ ಕೊನೆಯ ಭೋಜನವನ್ನು ಚಿತ್ರಿಸಿದ ಮಿಲಾನಿನ ಊಟದ ಮನೆ ಡೊಮಿನಿಕನ್ ಸಹೋದರರ ಕೊನ್ವೆಂತೊದ್ದು. ಕಾನ್ವೆಂಟ್ ಎಂದರೆ ಹೆಂಗಸರದೇ ಎಂಬ ಭಾವನೆ ಇಂಗ್ಲಿಷಿನಲ್ಲಿ ತಡವಾಗಿ ಗಟ್ಟಿಯಾಯಿತು, ಅಲ್ಲಿಂದ ಇಲ್ಲಿಗೆ ಬಂತು. ಡೊಮಿನಿಕನ್ನರ 13ನೆಯ ಶತಮಾನದ ಕಟ್ಟಳೆ ಇನ್ನೂ ಕುತೂಹಲಕರವಾಗಿದೆ. 12 ಮಂದಿಗಿಂತ ಕಡಿಮೆಯಿದ್ದರೆ ‘ಕೊನ್ವೆಂತುಸ್’ ಕಳುಹಿಸಬಾರದು. ಹಿರಿಯನೊಬ್ಬನೂ ಬೋಧಕನೊಬ್ಬನೂ ಇಲ್ಲದೆಯೂ ಕಳುಹಿಸಬಾರದು. ಗೋಡೆಗಳನ್ನು ಕಳುಹಿಸಲಾಗುವುದೇ? ಅಲ್ಲಿ ‘ಕೊನ್ವೆಂತುಸ್’ ಎಂದರೆ ಜನ. ಆ ಜನರಲ್ಲಿ ಒಬ್ಬ ಅಧ್ಯಾಪಕನಿರಲೇಬೇಕು.

ಫ್ರೆಂಚಿನ ಮೂಲಕ ಇಂಗ್ಲೆಂಡಿಗೆ ಹೋದ ಪದ ಅನೇಕ ವೇಷಗಳನ್ನು ತೊಟ್ಟಿತು. ಲಂಡನ್ನಿನ ‘ಕವೆಂಟ್ ಗಾರ್ಡನ್’ ವೆಸ್ಟ್‌ಮಿನ್‌ಸ್ಟರ್ ಮಠದವರ ತೋಟವಾಗಿತ್ತು. ‘ಕವೆನೆಂಟ್’ ಎಂಬುದು ದೇವರೊಡನೆ ಮನುಷ್ಯರು ಮಾಡಿಕೊಂಡ ಒಪ್ಪಂದ. ಕನ್ನಡ ಬೈಬಲ್ಲಿನ ಭಾಷಾಂತರಕಾರರು ಅದಕ್ಕೆ ‘ಒಡಂಬಡಿಕೆ’ ಎಂಬ ಮಾತನ್ನು ಆಯ್ದುದು ಎಷ್ಟು ಹೊಗಳಿದರೂ ಕಡಿಮೆ. ಒಡನೆ ಎಂಬರ್ಥದ ‘ಒಡನ್’ ಆ ಪದದ ಮೊದಲಲ್ಲಿ ಕುಳಿತು ಲ್ಯಾಟಿನ್ನಿನ ‘ಕೊಂ’ ಮಾಡುವ ಕೆಲಸವನ್ನೇ ಮಾಡುತ್ತದೆ. ಕಾನ್ವೆಂಟಿಗೆ ದೊರೆಯದ ಭಾಗ್ಯ ಅದರ ತಂಗಿಗೆ ದೊರೆಯಿತು.

ರಾಜ್ಯದ ಹಳೆಯ ಭೀತಿ ಇಂಗ್ಲೆಂಡಿನಲ್ಲಿ ಮತ್ತೆ ತಲೆಯೆತ್ತಿತು. ‘ಕಾನ್ವೆಂಟಿಕಲ್’ ಎಂದರೆ ಚಿಕ್ಕ ಕೂಟ. ರಾಜಮಾನ್ಯ ಚರ್ಚಿನ ಹೊರಗೆ ಗುಟ್ಟಾಗಿ ಸೇರುವ ಭಕ್ತರ ಕೂಟಕ್ಕೆ ತಿರಸ್ಕಾರದಿಂದ ಹೇಳುತ್ತಿದ್ದ ಮಾತು. 1664ರ ಕಾಯಿದೆ ಇದನ್ನು ನಿಷೇಧಿಸಿತು. ಮನೆಯವರನ್ನು ಬಿಟ್ಟು ಐವರಿಗಿಂತ ಹೆಚ್ಚು ಜನ ಅಂತಹ ಆರಾಧನೆಗೆ ಸೇರಿದರೆ ಅಪರಾಧ. ಸುಮಾರು 1850 ವರ್ಷಗಳ ಹಿಂದೆ ರೋಮಿನ ಸೆನೆಟ್ ಕಂಚಿನಲ್ಲಿ ಕೊರೆಸಿದ ಸಂಖ್ಯೆಯೂ ಐದೇ. ಒಂದನ್ನು ನೋಡಿ ಇನ್ನೊಂದನ್ನು ಬರೆದರೆಂದು ಹೇಳುವುದಕ್ಕೆ ಆಧಾರವಿಲ್ಲ. ಭಯ ಒಂದೇ ಆದಾಗ ಲೆಕ್ಕವೂ ಒಂದೇ ಆಗುತ್ತದೆಯೋ ಏನೋ. ಸ್ಕಾಟ್ಲೆಂಡಿನಲ್ಲಿ 1638ರ ಕವೆನೆಂಟಿಗೆ ಕಟ್ಟುಬಿದ್ದವರು ಮುಂದೆ ಬೆಟ್ಟಬಯಲುಗಳಲ್ಲಿ ಕಾನ್ವೆಂಟಿಕಲ್‌ಗಳನ್ನು ನಡೆಸಿ ಶಿಕ್ಷೆಗೊಳಗಾದರು. ಒಡಂಬಡಿಕೆಯೂ ಕೂಟವೂ ಒಂದೇ ತಾಯ ಮಕ್ಕಳೆಂಬುದು ಅವರಿಗೆ ವ್ಯಾಕರಣದಿಂದ ತಿಳಿಯಬೇಕಾಗಿರಲಿಲ್ಲ.

ಕರೆಯುವವನಿಲ್ಲದ ಕೂಟವೆಂಬ ಮೂಲದ ತೆರವು ರಾಜಕೀಯದಲ್ಲಿ ಬೇರೊಂದು ಬಗೆಯಲ್ಲಿ ಬಳಕೆಗೆ ಬಂತು. ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟನ್ನು ಕರೆಯಬೇಕಾದವನು ಅರಸ. 1660ರಲ್ಲಿ, ಮತ್ತೆ 1689ರಲ್ಲಿ, ಕರೆಯಲು ಅರಸನೇ ಇಲ್ಲದಾಗ ಸೇರಿದ ಸಭೆಗಳನ್ನು ‘ಕನ್ವೆನ್ಷನ್’ ಎಂದರು. ಮೊದಲನೆಯದು ಎರಡನೆಯ ಚಾರ್ಲ್ಸನನ್ನು ಮರಳಿ ಬರಮಾಡಿಕೊಂಡರೆ ಎರಡನೆಯದು ವಿಲಿಯಂ ಮೇರಿಯರಿಗೆ ಸಿಂಹಾಸನ ಕೊಟ್ಟಿತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿ ಸಂಯುಕ್ತ ಸಂಸ್ಥಾನಗಳ ಸಂವಿಧಾನವನ್ನು ಬರೆದ ಸಭೆಗೂ, 1792ರಲ್ಲಿ ಸೇರಿ ಅರಸೊತ್ತಿಗೆಯನ್ನೇ ತೆಗೆದ ಫ್ರಾನ್ಸಿನ ಸಭೆಗೂ ಅದೇ ಹೆಸರು.

ಇಷ್ಟೆಲ್ಲ ಪಶ್ಚಿಮದ ಕಥೆ. ವಿದ್ವಾಂಸರಲ್ಲದವರು ಹೆಚ್ಚಾಗಿ ಗಮನಿಸದ ಕವಲೊಂದು ಪೂರ್ವದಲ್ಲಿ, ಡ್ಯಾನ್ಯೂಬ್ ಬಾಲ್ಕನ್ ಸೀಮೆಗಳಲ್ಲಿ ಬೆಳೆಯಿತು. ಸಂತತಿಯಲ್ಲೆಲ್ಲ ಅತ್ಯಂತ ಸುಂದರವಾದುದು ಅದೇ. ರೊಮೇನಿಯನ್ ಭಾಷೆಯಲ್ಲಿ ‘ಕೊನ್ವೆಂತುಂ’ ಎಂಬುದು ‘ಕುವಿಂತ್’ ಆಯಿತು. ಅದಕ್ಕೆ ಸಭೆಯೆಂದೂ ಅರ್ಥವಿಲ್ಲ, ಮಠವೆಂದೂ ಅರ್ಥವಿಲ್ಲ; ಅದರ ಅರ್ಥ ‘ಮಾತು’. ಅಲ್ಬೇನಿಯನ್ನಿನಲ್ಲಿ ‘ಕುವೆಂದ್’ ಎಂದರೆ ಮಾತುಕತೆಯೂ ಹೌದು, ಕುಲದ ಹಿರಿಯರ ಕೂಟವೂ ಹೌದು. ಆ ದೇಶದ ಸಂಸತ್ತಿನ ಹೆಸರೂ ಇಂದು ಅದೇ. ಈಗಿನ ಗ್ರೀಕರು ಹರಟೆಯನ್ನು ‘ಕುವೆಂದ’ ಎನ್ನುತ್ತಾರೆ. ಜನ ಕೂಡಿದರು, ಕೂಡಿದವರು ಮಾತನಾಡಿದರು, ಮಾತು ಒಪ್ಪಂದವಾಯಿತು. ಕೊನೆಗೆ ಕೂಟ ಮರೆತುಹೋಗಿ ಮಾತು ಉಳಿಯಿತು. ರೊಮೇನಿಯನ್ನಿನಲ್ಲಿ ದೊರೆತಿರುವ, ತಾರೀಖು ತಿಳಿದ ಅತಿ ಹಳೆಯ ಬರಹ 1521ರ ಒಂದು ಪತ್ರ. ಅದಕ್ಕೆ ಮುನ್ನ ಸಾವಿರ ವರ್ಷಕ್ಕೂ ಮಿಗಿಲಾಗಿ ಈ ಪದ ಯಾವ ಕಾಯಿದೆಯ ಹಂಗೂ ಇಲ್ಲದೆ ಕುರುಬರ, ಒಕ್ಕಲಿಗರ ನಾಲಗೆಯ ಮೇಲೆಯೇ ಬದುಕಿತು. ನ್ಯಾಯಾಸ್ಥಾನ ಅದನ್ನು ಸೀಮೆಯಾಗಿಸಿದರೆ, ಮಠ ಅದನ್ನು ಮನೆಯಾಗಿಸಿದರೆ, ಜನ ಅದನ್ನು ಮಾತಾಗಿಸಿದರು. ಯೋಹಾನನ ಸುವಾರ್ತೆಯ ಆದಿಯಲ್ಲಿ ಬರುವ ಗ್ರೀಕ್ ‘ಲೋಗೊಸ್’ ಶಬ್ದಕ್ಕೆ ರೊಮೇನಿಯನ್ ಬೈಬಲ್ಲಿನಲ್ಲಿ ಇರುವುದು ಈ ‘ಕುವಿಂತ್’ ಪದವೇ.

ವಚನ ಸಾಹಿತ್ಯವನ್ನು ಬಲ್ಲವರಿಗೆ ಇಲ್ಲಿ ಒಂದು ಹೋಲಿಕೆ ತಾನಾಗಿ ಹೊಳೆಯುತ್ತದೆ. ‘ವಚನ’ವೆಂದರೆ ಮೊದಲು ಮಾತು; ‘ವಚನ ಕೊಟ್ಟನು’ ಎನ್ನುವಲ್ಲಿ ಅದು ಒಪ್ಪಂದ. ‘ಕುವಿಂತ್’ ಒಪ್ಪಂದದಿಂದ ಮಾತಿನೆಡೆಗೆ ನಡೆದರೆ ವಚನ ಮಾತಿನಿಂದ ಒಪ್ಪಂದದೆಡೆಗೆ ನಡೆದಿದೆ. ಇವೆರಡೂ ದಾರಿಯಲ್ಲಿ ಎದುರಾದ ಪದಗಳು.

ಇನ್ನು ಕನ್ನಡದ ಕಾನ್ವೆಂಟ್. ಯುರೋಪಿನಿಂದ ಬಂದ ಸಂನ್ಯಾಸಿನಿಯರು 19ನೆಯ ಶತಮಾನದಲ್ಲಿ ಈ ನಾಡಿನಲ್ಲಿ ಹೆಣ್ಣುಮಕ್ಕಳಿಗೆ ಶಾಲೆಗಳನ್ನು ತೆರೆದರು. ಅಪೊಸ್ತಲಿಕ್ ಕಾರ್ಮೆಲ್ ಸಂಘದವರು ಮಂಗಳೂರಿಗೆ ಬಂದುದು 1870ರಲ್ಲಿ. ಅವರ ವಾಸದ ಮನೆ ಕಾನ್ವೆಂಟ್, ಅದಕ್ಕೆ ಹೊಂದಿದ ಶಾಲೆ ಕಾನ್ವೆಂಟ್ ಶಾಲೆ. ಬಳಸುವವರ ಬಾಯಲ್ಲಿ ‘ಶಾಲೆ’ ಉದುರಿತು, ‘ಕಾನ್ವೆಂಟ್’ ನಿಂತಿತು. ಆಮೇಲೆ ಸಂನ್ಯಾಸಿನಿಯರೂ ಉದುರಿದರು. ಬಲ್ಲವರು ನಗುವುದು ಇಲ್ಲಿಯೇ. ಆದರೆ ನಗುವ ಮುನ್ನ ಅವರು ಅಮರಕೋಶವನ್ನೊಮ್ಮೆ ತೆರೆದು ನೋಡಬಹುದು. ‘ಮಠ’ವೆಂದರೆ ವಿದ್ಯಾರ್ಥಿಗಳೇ ಮೊದಲಾದವರ ನಿವಾಸವೆಂಬುದು ಅಮರಸಿಂಹನ ವಿವರಣೆ, ಅಲ್ಲಿ ವಿದ್ಯಾರ್ಥಿಯೇ ಮೊದಲಿಗ. ಕನ್ನಡನಾಡಿನ ಹಳ್ಳಿಗಳಲ್ಲಿ ಸರಕಾರಿ ಶಾಲೆಗಳು ಬರುವ ಮುನ್ನ ಐಗಳು ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಶಾಲೆಗೆ ‘ಕೂಲಿಮಠ’ವೆಂದೇ ಹೆಸರು. ಪಾಲಕರು ಕೂಲಿ ಕೊಡುತ್ತಿದ್ದರು, ಐಗಳು ಕಲಿಸುತ್ತಿದ್ದರು. ಎಂದ ಮೇಲೆ ಶುಲ್ಕ ತೆಗೆದುಕೊಳ್ಳುವ ಶಾಲೆಗೆ ಮಠದ ಹೆಸರನ್ನು ಇಡುವುದು ಕನ್ನಡಿಗರು ಇಂಗ್ಲಿಷಿನಿಂದ ಕಲಿತ ತಪ್ಪಲ್ಲ. ಅವರದೇ ಹಳೆಯ ರೂಢಿ.

ಕೂಲಿಮಠವನ್ನು ಹೊಗಳುವ ಮೊದಲೂ ಒಂದು ತಡೆ ಬೇಕು. ಊರಿನ ಮಕ್ಕಳೆಲ್ಲ ಅಲ್ಲಿ ಕೂಡುತ್ತಿರಲಿಲ್ಲ. ಹೆಣ್ಣುಮಕ್ಕಳು ಅಪರೂಪ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಇಂದಿನ ಕಾನ್ವೆಂಟಿನ ಬಾಗಿಲನ್ನು ಕಾಯುವುದು ಶುಲ್ಕ. ಬೆಳಗ್ಗೆ ಹಳದಿ ವಾಹನವೊಂದು ಬಂದು ಓಣಿಯ ನಾಲ್ಕು ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತದೆ. ಅದೇ ಓಣಿಯ ಇನ್ನು ನಾಲ್ವರು ನಡೆದು ಸರಕಾರಿ ಶಾಲೆಗೆ ಹೋಗುತ್ತಾರೆ. ಸಂಜೆ ಎರಡು ಗುಂಪಿಗೂ ಆಡುವ ಮಾತು ಬೇರೆಯಾಗಿರುತ್ತದೆ. ಫೆಸ್ತುಸನು ಹೇಳಿದ ಎರಡನೆಯ ಅರ್ಥ, ನಾನಾ ಬಗೆಯ ಜನ ಒಂದೆಡೆ ನೆರೆಯುವುದು ಎಂಬುದು, ಈ ಪದದ ಕನ್ನಡ ಬಾಳಿನಲ್ಲಿ ಇನ್ನೂ ಹುಟ್ಟಿಲ್ಲ. ಕೋಶಕಾರರು ಕಾನ್ವೆಂಟಿಗೆ ಶಾಲೆಯೆಂಬ ಅರ್ಥವನ್ನು ಸಂಕೋಚವಿಲ್ಲದೆ ಕೊಡಲಿ, ಅಪಪ್ರಯೋಗವೆಂಬ ಮುದ್ರೆಯನ್ನು ತೆಗೆಯಲಿ, ‘ನೋಡಿ: ಕೂಲಿಮಠ’ ಎಂದೂ ಬರೆಯಲಿ. ಆ ಎರಡನೆಯ ಅರ್ಥವನ್ನು ಮಾತ್ರ ಅವರು ಬರೆಯಲಾರರು. ಅದಕ್ಕೆ ಪ್ರಯೋಗ ದೊರೆಯಬೇಕು.